ಲೇಸರ್ರೋ ಡಯಲ್ ಗೇಜೋ? ನಮ್ಮ ಪಂಪುಗಳ ಮೇಲೆ ಎರಡೂ ನೋಡಿದ್ದಾಯಿತು

ಮೋಟರಿನ ಶಾಫ್ಟೂ ಪಂಪಿನ ಶಾಫ್ಟೂ ಒಂದೇ ಗೆರೆಯಲ್ಲಿವೆಯಾ ಅಂತ ನೋಡಿ ಸರಿಮಾಡುವುದೇ ಅಲೈನ್‌ಮೆಂಟ್. ಅದಕ್ಕೊಂದು ಲೇಸರ್ ಕಿಟ್ ತಗೊಂಡು ಎಂಟು ತಿಂಗಳಾಯಿತು. ಇನ್ನೂ ಮೊದಲೇ ತಗೋಬೇಕಿತ್ತು. ಪೀಣ್ಯದ ನಮ್ಮ ಶೆಡ್ಡಿನಲ್ಲಿ ಒಂಬತ್ತು ಕೂಲಿಂಗ್ ವಾಟರ್ ಪಂಪುಗಳಿವೆ. ಅಷ್ಟಕ್ಕೂ ಎಸ್‌ಪಿ ರಸ್ತೆಯಿಂದ ತಂದ ಒಂದು ಡಯಲ್ ಗೇಜೇ (ತಾಗಿಸಿದ ಕಡ್ಡಿ ಎಷ್ಟು ಸರಿಯಿತೆಂದು ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ಗತಿಯಾಗಿತ್ತು.

ಸ್ಟ್ರೇಟ್ ಎಡ್ಜ್ (ನೇರ ಪಟ್ಟಿ), ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡುಗಳು) ಮೋಟರನ್ನು ಅಂದಾಜಿಗೆ ಕೂರಿಸಲು ಸಾಕು. ಅಲ್ಲಿಗೆ ನಿಲ್ಲಿಸಿ.

ಡಯಲ್ ಗೇಜ್ ಕೆಟ್ಟದ್ದಲ್ಲ, 0.01 ಮಿ.ಮೀ. ವ್ಯತ್ಯಾಸವನ್ನೂ ತೋರಿಸುತ್ತದೆ. ನಮಗೆ ಕೈಕೊಟ್ಟಿದ್ದು ಅದನ್ನು ಹಿಡಿದಿದ್ದ ರಾಡ್. ನಾಲ್ಕನೇ ಪಂಪಿಗೆ ಸ್ಪೇಸರ್ ಕಪ್ಲಿಂಗ್ ಇದೆ, ಅಂದರೆ ಎರಡು ಶಾಫ್ಟುಗಳನ್ನು ಜೋಡಿಸುವ ಕಪ್ಲಿಂಗಿನ ನಡುವೆ ಬಿಚ್ಚಿ ತೆಗೆಯಬಹುದಾದ ಒಂದು ತುಂಡು. ಮೋಟರ್ ಅಲ್ಲಾಡಿಸದೆ ಪಂಪಿನ ಒಳಭಾಗ ಹೊರಗೆಳೆಯಲು ಅದು ಅನುಕೂಲ. ಆದರೆ ಹಬ್ಬುಗಳು (ಶಾಫ್ಟಿನ ತುದಿಗೆ ಕೂತ ಕಪ್ಲಿಂಗ್ ಭಾಗಗಳು) ದೂರ ದೂರ. ಹಾಗಾಗಿ ಮೋಟರ್ ಹಬ್ಬಿಗೆ ಬಿಗಿದ ಬ್ರಾಕೆಟ್ಟಿನಿಂದ ಉದ್ದನೆಯ ತೆಳು ರಾಡ್ ಚಾಚಿ, ಅದರ ತುದಿಗೆ ಗೇಜ್ ಕಟ್ಟಿ ಪಂಪಿನ ಹಬ್ಬಿಗೆ ತಾಗಿಸಿದೆವು. ಮೇಲೆ ಸೊನ್ನೆ ಇಟ್ಟು ಅರ್ಧ ಸುತ್ತು ತಿರುಗಿಸಿದಾಗ ಕೆಳಗೆ ಮೈನಸ್ 0.36 ಬಂತು. ಆಫ್‌ಸೆಟ್ (ಎರಡು ಶಾಫ್ಟುಗಳ ಎತ್ತರದ ವ್ಯತ್ಯಾಸ) ಅದರಲ್ಲಿ ಅರ್ಧ, ಅಂದರೆ ಮೋಟರ್ 0.18 ಕೆಳಗಿದೆ ಅಂದುಕೊಂಡು ನಾಲ್ಕೂ ಕಾಲಿಗೆ ಶಿಮ್ (ಎತ್ತರಿಸುವ ತೆಳು ತಗಡು) ಹಾಕಿದೆವು. ಮತ್ತೆ ನೋಡಿದರೆ ಸೊನ್ನೆಗೆ ಸೊನ್ನೆ. ಖುಷಿಯಾಗಿ ಗಾರ್ಡ್ ಮುಚ್ಚಿದೆವು.

ಹತ್ತು ದಿನಕ್ಕೆ ಮೆಕ್ಯಾನಿಕಲ್ ಸೀಲ್ (ಶಾಫ್ಟಿನ ಸುತ್ತ ನೀರು ಸೋರದಂತೆ ತಡೆಯುವ ಭಾಗ) ತೊಟ್ಟಿಕ್ಕತೊಡಗಿತು. ಗಾರ್ಡ್ ಕೆಳಗೆ ಬೆರಳಾಡಿಸಿದರೆ ಕಪ್ಲಿಂಗಿನ ರಬ್ಬರ್ ಸವೆದು ಉದುರಿದ ಕಪ್ಪು ಪುಡಿ. ಸೀಲ್ ಬದಲಿಸಿದೆವು, ಮತ್ತೆ ಸೋರಿತು. ಕೊನೆಗೆ ಬ್ರಾಕೆಟ್ಟನ್ನು ಬಿಚ್ಚಿ ಒಂದು ಗಟ್ಟಿ ಪೈಪಿಗೆ ಅಷ್ಟೇ ಅಂತರದಲ್ಲಿ ಕಟ್ಟಿ, ಮೇಲೆ ಸೊನ್ನೆ ಇಟ್ಟು ಪೈಪನ್ನೇ ತಿರುಗಿಸಿದೆ. ಕೆಳಗೆ ಬಂದಾಗ ಮೈನಸ್ 0.36! ಒಂದೇ ಪೈಪಿನಲ್ಲಿ ಎಲ್ಲಿಯ ಅಲೈನ್‌ಮೆಂಟ್ ತಪ್ಪು? ರಾಡ್ ತನ್ನ ಭಾರಕ್ಕೇ ಬಾಗಿತ್ತು, ಅಷ್ಟೇ. ಸರಿಯಾಗಿಯೇ ಇದ್ದ ಮೋಟರನ್ನು ನಾವೇ 0.18 ಎತ್ತಿದ್ದೆವು. 1480 ಆರ್‌ಪಿಎಂ ಮೋಟರಿಗೆ ನಾವು ಇಟ್ಟುಕೊಂಡಿರುವ ಮಿತಿ 0.05.

ಅದರ ಮೇಲೆ ಬಿಸಿ ಬೇರೆ. ಶಾಫ್ಟ್ ಎತ್ತರ 225 ಮಿ.ಮೀ. ಇರುವ ಬೀಡುಕಬ್ಬಿಣದ ಮೋಟರ್ 30 ಡಿಗ್ರಿ ಬಿಸಿಯಾದರೆ ಸುಮಾರು 0.07 ಮಿ.ಮೀ. ಮೇಲೇಳುತ್ತದೆ. ತಣ್ಣೀರಿನ ಪಂಪ್ ಏಳುವುದಿಲ್ಲ. ಅಂಥ ಮೋಟರನ್ನು ತಣ್ಣಗಿದ್ದಾಗ ಸ್ವಲ್ಪ ಕೆಳಗೇ ಬಿಡಬೇಕು.

ರಾಡ್ ಬಾಗುವುದನ್ನು ಮೊದಲೇ ಅಳೆದು ಕಳೆದರೆ ಡಯಲ್ ಗೇಜಿನಲ್ಲೂ ಕೆಲಸ ಸರಿಯಾಗುತ್ತದೆ, ನಿಜ. ಆದರೆ ರಾತ್ರಿ ಪಾಳಿಯಲ್ಲಿ ಟಾರ್ಚ್ ಹಿಡಿದು, ಪ್ಲಸ್ಸೋ ಮೈನಸ್ಸೋ ಅಂತ ಚೀಟಿಯಲ್ಲಿ ಬರೆದುಕೊಳ್ಳುವ ಹುಡುಗನಿಗೆ ಇನ್ನೊಂದು ಲೆಕ್ಕ ಯಾಕೆ ಹೊರಿಸಬೇಕು? ಬೆಳಕಿನ ಕಿರಣ ಬಾಗುವುದಿಲ್ಲ. ಲೇಸರಿನಲ್ಲಿ ಪೂರ್ತಿ ಸುತ್ತೂ ಬೇಡ, ಕಾಲು ಸುತ್ತು ತಿರುಗಿಸಿದರೂ ನಡೆಯುತ್ತದೆ. ಮುಂದಿನ ಕಾಲಿಗೆ ಎಷ್ಟು ಶಿಮ್, ಹಿಂದಿನದಕ್ಕೆ ಎಷ್ಟು ಅಂತ ಪರದೆಯಲ್ಲೇ ಬರುತ್ತದೆ. ಮೋಟರ್ ಸರಿಸುವಾಗ ಅಂಕಿ ಇಳಿಯುವುದನ್ನು ಕಣ್ಣಾರೆ ನೋಡಬಹುದು.

ಶಟರ್ ಪಕ್ಕದ ಪಂಪಿನಲ್ಲಿ ಬೆಳಗಿನ ಬಿಸಿಲು ಬಿದ್ದರೆ ಲೇಸರಿನ ರೀಡಿಂಗ್ ಕುಣಿಯುತ್ತದೆ. ಒಂದು ರಟ್ಟು ಅಡ್ಡ ಹಿಡಿದರೆ ಆಯಿತು.

ಸಾಫ್ಟ್ ಫುಟ್, ಅಂದರೆ ಮೋಟರಿನ ಒಂದು ಕಾಲು ತಳಕ್ಕೆ ಸರಿಯಾಗಿ ಕೂರದಿರುವುದು, ಮಾತ್ರ ಎರಡರಲ್ಲೂ ನೀವೇ ಸರಿಮಾಡಬೇಕು. ಒಂದು ಬೋಲ್ಟ್ ಸಡಿಲಿಸಿದಾಗ ಕಾಲು 0.05ಕ್ಕಿಂತ ಜಾಸ್ತಿ ಎದ್ದರೆ ಮೊದಲು ಅದನ್ನು ನೋಡಿ.

ದುಡ್ಡಿನ ವಿಷಯಕ್ಕೆ ಬಂದರೆ ಡಯಲ್ ಸೆಟ್ ಸಾವಿರಗಳಲ್ಲಿ, ಲೇಸರ್ ಲಕ್ಷಗಳಲ್ಲಿ. ಒಂಬತ್ತು ಪಂಪು, ಮೂರು ಪಾಳಿ ಇರುವ ನಮಗೆ ಲೇಸರೇ ಸರಿ. ಎರಡೋ ಮೂರೋ ಮೋಟರ್ ಇದ್ದವರು ಸುಮ್ನೆ ಸಾಲ ಮಾಡಬೇಡಿ. ಲೇಸರ್ ತಂದು ಮಾಡಿಕೊಡುವವರನ್ನು ದಿನದ ಲೆಕ್ಕದಲ್ಲಿ ಕರೆಸಿ. ನನ್ನ ಹಳೆಯ ಡಯಲ್ ಗೇಜ್ ಈಗಲೂ ಡಬ್ಬಿಯಲ್ಲಿದೆ. ಹಬ್ ಓಲಾಡುತ್ತಿದೆಯಾ, ಶಾಫ್ಟ್ ಬಾಗಿದೆಯಾ ಅಂತ ನೋಡಲು ಪ್ರತಿ ಸಲ ಮೊದಲು ಅದನ್ನೇ ತೆಗೆಯುತ್ತೇನೆ.