ರಟ್ಟಿನ ಝೋಟ್ರೋಪ್ ಕಿಟ್: ಡಬ್ಬಿ ಚೆನ್ನ, ಪಟ್ಟಿ ಗಿಡ್ಡ

ಝೋಟ್ರೋಪ್ ಎಂದರೆ ಗೋಡೆಯಲ್ಲಿ ಸೀಳುಗಳಿರುವ ದುಂಡು ಡಬ್ಬಿ, ಅಂದರೆ ಡ್ರಮ್. ಒಳಗೆ ಚಿತ್ರಪಟ್ಟಿ ಇಟ್ಟು ತಿರುಗಿಸಿ ಸೀಳಿನಿಂದ ನೋಡಿದರೆ ಚಿತ್ರಗಳು ಚಲಿಸಿದಂತೆ ಕಾಣುತ್ತವೆ. ಆನ್‌ಲೈನ್‌ನಲ್ಲಿ ತಯಾರಕರ ಹೆಸರೇ ಇಲ್ಲದೆ ಬರುವ ಈ ಕಿಟ್‌ನಲ್ಲಿ 12 ಸೀಳು ಕೊರೆದ ಕಪ್ಪು ರಟ್ಟು, ದುಂಡು ತಳ, ಮರದ ಪೀಠ, ಒಂದು ಮೊಳೆ, ವಾಷರ್ ಮತ್ತು ಆರು ಚಿತ್ರಪಟ್ಟಿಗಳಿವೆ. ಜೋಡಿಸಲು ಮುಕ್ಕಾಲು ಗಂಟೆ ಸಾಕು. ಅಂಟು ಮಾತ್ರ ರಾತ್ರಿಯಿಡೀ ಒಣಗಲಿ. ಆತುರಪಟ್ಟು ತಿರುಗಿಸಿದರೆ ಡ್ರಮ್ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಆಮೇಲೆ ಸರಿಯಾಗದು.

ಸೀಳುಗಳ ಕೆಲಸ ಅಚ್ಚುಕಟ್ಟಾಗಿದೆ. ಅಗಲ 3 ಮಿ.ಮೀ. ಇದಕ್ಕಿಂತ ಹೆಚ್ಚಾದರೆ ಚಿತ್ರ ಕಲಸಿಹೋಗುತ್ತದೆ, ಕಡಿಮೆಯಾದರೆ ಮಬ್ಬಾಗುತ್ತದೆ. ಸೀಳುಗಳು ಚಿತ್ರಗಳ ಮೇಲ್ಗಡೆ ಇರುವುದೂ ಸರಿಯೇ. ಇಂಗ್ಲೆಂಡಿನ ವಿಲಿಯಂ ಜಾರ್ಜ್ ಹಾರ್ನರ್ 1834ರಲ್ಲಿ ವಿವರಿಸಿದ 'ಡೀಡೇಲಿಯಮ್' ಎಂಬ ಇದೇ ಬಗೆಯ ಡ್ರಮ್‌ನಲ್ಲಿ ಅವು ಚಿತ್ರಗಳ ನಡುನಡುವೆ ಇದ್ದವು. ಅಮೆರಿಕದ ವಿಲಿಯಂ ಲಿಂಕನ್ 1867ರಲ್ಲಿ ಪೇಟೆಂಟ್ ಪಡೆದ ಮಾದರಿಯಲ್ಲಿ ಮೇಲಕ್ಕೆ ಹೋದವು. ಪಟ್ಟಿ ಬದಲಿಸಿ ಹೊಸ ಆಟ ನೋಡುವ ಅನುಕೂಲ ಬಂದದ್ದು ಅದರಿಂದಲೇ.

ಎಡವಿರುವುದು ಆ ಪಟ್ಟಿಯಲ್ಲಿಯೇ. ಡ್ರಮ್‌ನ ಒಳವ್ಯಾಸ 19 ಸೆಂ.ಮೀ., ಅಂದರೆ ಒಳಸುತ್ತಳತೆ ಸುಮಾರು 597 ಮಿ.ಮೀ. ಕೊಟ್ಟಿರುವ ಪಟ್ಟಿ 591. ತುದಿಗಳ ನಡುವೆ ಉಳಿಯುವ 6 ಮಿ.ಮೀ. ಸಂದಿನಿಂದಾಗಿ ಪ್ರತಿ ಸುತ್ತಿಗೊಮ್ಮೆ ಪಟ್ಟಿಯಲ್ಲಿ ಬರೆದ ಕುದುರೆ ಮುಗ್ಗರಿಸುತ್ತದೆ. ಝೆರಾಕ್ಸ್ ಅಂಗಡಿಯಲ್ಲಿ ಎರಡು ತುಂಡಾಗಿ 101% ಪ್ರತಿ ತೆಗೆಸಿ, ಕೂಡಿಸಿ ಹಾಕಿ, ಮುಗ್ಗರಿಕೆ ನಿಲ್ಲುತ್ತದೆ.

ಮೊಳೆಯ ಮೇಲೆ ಡ್ರಮ್ ಓಲಾಡುತ್ತದೆ. ಅದಕ್ಕೆ ಕಾರಣ ಎರಡು: ತೂತು ಸಡಿಲ, ಜೊತೆಗೆ ರಟ್ಟು ಒಂದರ ಮೇಲೊಂದು ಅಂಟಿದ ಕಡೆ ಭಾರ ಹೆಚ್ಚು. ಅಂಟಿದ ಜಾಗದ ನೇರ ಎದುರಿಗೆ ಅಷ್ಟೇ ಅಗಲದ ರಟ್ಟಿನ ತುಂಡು ಮೆತ್ತಿ. ಮೊಳೆ ತೆಗೆದು 608 ಬೇರಿಂಗ್‌ (8 ಮಿ.ಮೀ. ತೂತಿನ ಗುಂಡು ಬೇರಿಂಗ್) ಮತ್ತು 8 ಮಿ.ಮೀ. ಬೋಲ್ಟ್ ಹಾಕಿದರಂತೂ ಬೆರಳಿನಿಂದ ಒಮ್ಮೆ ತಳ್ಳಿದರೆ ಬಹಳ ಹೊತ್ತು ಸಮನಾಗಿ ಸುತ್ತುತ್ತದೆ.

ಸೆಕೆಂಡಿಗೆ ಒಂದು ಸುತ್ತು, ಅಂದರೆ 12 ಚಿತ್ರ: ಇದೇ ಹದ. ಆ ವೇಗದಲ್ಲಿ ಒಂದು ಸೀಳು ಕಣ್ಣೆದುರು ದಾಟುವುದು 5 ಮಿಲಿಸೆಕೆಂಡಿನಲ್ಲಿ. ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಿನುಗುವುದರಿಂದ ಕೆಲವು ಚಿತ್ರಗಳು ಬೆಳಗಿ ಕೆಲವು ಕಪ್ಪಿಡುತ್ತವೆ. ಡ್ರಮ್ ಕೆಟ್ಟಿದೆಯೆಂದು ವಾಪಸು ಕಳಿಸುವ ಮೊದಲು ಕಿಟಕಿ ಬೆಳಕಿನಲ್ಲಿ ನೋಡಿ.

ಕೈಪಿಡಿಯಲ್ಲಿ ಒಂದು ದೊಡ್ಡ ಸಂಗತಿ ಬಿಟ್ಟುಹೋಗಿದೆ. ಹತ್ತಿರದ ಸೀಳು ಒಂದು ಕಡೆಗೆ, ಆಚೆ ಬದಿಯ ಚಿತ್ರ ಇನ್ನೊಂದು ಕಡೆಗೆ ಓಡುವುದರಿಂದ ಚಿತ್ರ ಸಣಕಲಾಗಿ ಕಾಣುತ್ತದೆ. 40 ಸೆಂ.ಮೀ. ದೂರದಿಂದ ನೋಡಿದರೆ ಅಗಲ ಐದರಲ್ಲಿ ಮೂರು ಪಾಲಿಗೆ ಇಳಿಯುತ್ತದೆ. ಆದ್ದರಿಂದ ಸ್ವಂತ ಪಟ್ಟಿ ಬರೆಯುವವರು 2.4 ಸೆಂ.ಮೀ. ಎತ್ತರದ ಚೆಂಡನ್ನು 4 ಸೆಂ.ಮೀ. ಅಗಲವಾಗಿ ಬರೆಯಬೇಕು. ಕಾಗದದ ಮೇಲೆ ಅದು ಆಲೂಗಡ್ಡೆಯಂತಿರುತ್ತದೆ, ಡ್ರಮ್‌ನೊಳಗೆ ದುಂಡಗಾಗುತ್ತದೆ. ಕಿಟ್‌ನ ಕುದುರೆ ಬಡಕಲಾಗಿರುವುದೂ ಇದೇ ಲೆಕ್ಕ ಮರೆತದ್ದರಿಂದ.

ಆರೂ ಪಟ್ಟಿಗಳಲ್ಲಿ 12 ಚಿತ್ರಗಳೇ ಇರುವುದು ನಿರಾಸೆ. ಡ್ರಮ್‌ಗೆ ಸರಿಹೋಗುವ 597 ಮಿ.ಮೀ. ಉದ್ದದಲ್ಲಿ 13 ಚಿತ್ರ ಬರೆದರೆ ಚೆಂಡು ಆಚೆ ಗೋಡೆ ಓಡುವ ದಿಕ್ಕಿಗೇ ತೇಲುತ್ತದೆ. 11 ಬರೆದರೆ ಹಿಂದಕ್ಕೆ ಸರಿಯುತ್ತದೆ. ಬಿಳಿ ಕಾಗದ, ಸ್ಕೇಲು ಇದ್ದರೆ ಅರ್ಧ ಗಂಟೆಯಲ್ಲಿ ಆಗುವ ಕೆಲಸ: 13ಕ್ಕೆ ಒಂದೊಂದು ಚಿತ್ರದ ಮನೆಯ ಅಗಲ 45.9 ಮಿ.ಮೀ., 11ಕ್ಕೆ 54.3.