ರಿಬೇಟ್ ಆಸೆಗೆ ಪೆಟ್ಟಿಗೆಗೆ ಕತ್ತರಿ ಹಾಕಬೇಡಿ

ಹಬ್ಬದ ಮಾರಾಟದಲ್ಲಿ ಟಿವಿಯೋ ಲ್ಯಾಪ್‌ಟಾಪೋ ಕೊಳ್ಳಲು ಹೊರಟಿದ್ದೀರಾ? ‘ರಿಬೇಟ್ ಕಳೆದ ನಂತರದ ಬೆಲೆ’ ಎಂದು ದಪ್ಪ ಅಕ್ಷರದಲ್ಲಿ ಬರೆದದ್ದನ್ನು ಕಂಡು ಕೈ ತುರಿಸುತ್ತಿದೆಯೇ? ಹಾಗಿದ್ದರೆ ಐದು ನಿಮಿಷ ಇದನ್ನು ಓದಿ, ಆಮೇಲೆ ಹಣ ಕೊಡಿ. ನಾನೇನೂ ಕಣ್ಣು ಮುಚ್ಚಿ ಕೊಳ್ಳುವವನಲ್ಲ. ಷರತ್ತುಗಳನ್ನು ಸಣ್ಣ ಅಕ್ಷರದವರೆಗೂ ಓದಿದ್ದೆ. ಆದರೂ ಹಳ್ಳಕ್ಕೆ ಬಿದ್ದೆ.

ಕೊಂಡದ್ದು 55 ಇಂಚಿನ ಟಿವಿ. ಮೊದಲೇ ರಿಯಾಯಿತಿ, ಅದರ ಮೇಲೆ ತಯಾರಕರ ರಿಬೇಟ್. ಅಂದರೆ ಅಂಗಡಿಯಲ್ಲಿ ಪೂರ್ತಿ ಹಣ ಎಣಿಸಬೇಕು. ಆಮೇಲೆ ಬಿಲ್ಲಿನ ಪ್ರತಿ, ಸೀರಿಯಲ್ ನಂಬರು, ಪೆಟ್ಟಿಗೆಯ ಮೇಲಿನ ಬಾರ್‌ಕೋಡ್ ತುಂಡು, ತುಂಬಿದ ಅರ್ಜಿ ಇಷ್ಟನ್ನೂ 30 ದಿನದೊಳಗೆ ಅಂಚೆಯಲ್ಲಿ ಕಳುಹಿಸಬೇಕು. ಎಂಟು ಹತ್ತು ವಾರ ಕಳೆದ ಮೇಲೆ ಒಂದು ಭಾಗ ವಾಪಸು ಬರುತ್ತದೆ. ಬಾರ್‌ಕೋಡಿನ ನಕಲು ನಡೆಯುವುದಿಲ್ಲ, ಪೆಟ್ಟಿಗೆಯಿಂದ ಕತ್ತರಿಸಿದ್ದೇ ಬೇಕು. ಒಂದೇ ಟಿವಿಗೆ ಇಬ್ಬರು ಅರ್ಜಿ ಹಾಕಬಾರದಲ್ಲ, ಕಾರಣ ನ್ಯಾಯವಾದದ್ದೇ.

ಟಿವಿ ಮನೆಗೆ ಬಂದ ಸಂಜೆಯೇ ಕೆಲಸಕ್ಕೆ ಕುಳಿತೆ. ರಟ್ಟು ದಪ್ಪಗಿತ್ತು. ಕತ್ತರಿ ಸೋತಾಗ ಬ್ಲೇಡು ತಂದು, ಸ್ಕೇಲು ಒತ್ತಿ ಹಿಡಿದು, ಅಂಗೈ ಅಗಲದ ತುಂಡನ್ನು ನೇರವಾಗಿ ಕೊರೆದು ತೆಗೆದೆ. ಪೆಟ್ಟಿಗೆಯ ಪಕ್ಕೆಯಲ್ಲಿ ಒಂದು ಕಿಂಡಿಯಾಯಿತು, ಒಳಗಿನ ಬಿಳಿ ಥರ್ಮೋಕೋಲ್ ಇಣುಕುತ್ತಿತ್ತು. ಗಡುವಿಗೆ ಇನ್ನೂ 29 ದಿನ ಇರುವಾಗಲೇ ಲಕೋಟೆ ಅಂಚೆಗೆ ಬಿತ್ತು. ನನ್ನ ಶಿಸ್ತಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಹನ್ನೆರಡನೆಯ ದಿನ ಪರದೆಯ ಬಲ ಅಂಚಿನ ಬಳಿ, ಮೇಲಿನಿಂದ ಕೆಳಗಿನವರೆಗೆ, ಕೂದಲೆಳೆಯಷ್ಟು ತೆಳ್ಳಗಿನ ಒಂದು ಹಸಿರು ಗೆರೆ ಕಾಣಿಸಿತು. ಧೂಳೋ ಏನೋ ಎಂದು ಮೊದಲು ಬಟ್ಟೆಯಿಂದ ಒರೆಸಿದೆ. ಮೂರು ಬಾರಿ ಒರೆಸಿದೆ. ಗೆರೆ ಬಟ್ಟೆಯ ಕೆಳಗಿನಿಂದ ಹಾಗೆಯೇ ನಗುತ್ತಿತ್ತು. ಪರವಾಗಿಲ್ಲ, ಅಂಗಡಿಯವರು ವಾಪಸು ಪಡೆಯಲು 15 ದಿನ ಕೊಟ್ಟಿದ್ದರು. ಟಿವಿಯನ್ನು ಮತ್ತೆ ಪೆಟ್ಟಿಗೆಗಿಳಿಸಿ, ಹಗ್ಗ ಕಟ್ಟಿ, ಇಬ್ಬರು ಹೊತ್ತು ಅಂಗಡಿಗೆ ಒಯ್ದೆವು.

ಕೌಂಟರಿನ ಹುಡುಗ ಪೆಟ್ಟಿಗೆಯನ್ನು ಒಂದು ಸುತ್ತು ನೋಡಿದ. ಕಿಂಡಿಯ ಬಳಿ ನಿಂತು, ತೋರುಬೆರಳನ್ನು ಅದರೊಳಗೆ ತೂರಿಸಿ ಕೇಳಿದ: “ಬಾರ್‌ಕೋಡ್ ಎಲ್ಲಿ ಸರ್?”

“ರಿಬೇಟಿಗೆ ಕಳುಹಿಸಿದ್ದೇನೆ.”

“ಹಾಗಾದರೆ ವಾಪಸು ತೆಗೆದುಕೊಳ್ಳಲು ಬರುವುದಿಲ್ಲ. ಪೆಟ್ಟಿಗೆ ಇದ್ದ ಹಾಗೆಯೇ ಇರಬೇಕು.”

“ಕತ್ತರಿಸಲು ಹೇಳಿದವರು ನೀವೇ ಅಲ್ಲವೇ?”

“ನಾವು ಹೇಳಿಲ್ಲ ಸರ್. ಕಂಪನಿ ಹೇಳಿದ್ದು.”

ಸಿಟ್ಟು ಬಂತು, ಆದರೆ ಅವನ ಮಾತು ಸರಿಯಾಗಿಯೇ ಇತ್ತು. ವಾಪಸಾತಿ ಅಂಗಡಿಗೂ ನನಗೂ ನಡುವಿನ ಒಪ್ಪಂದ. ರಿಬೇಟ್ ತಯಾರಕರಿಗೂ ನನಗೂ ನಡುವಿನದು. ಮೊದಲನೆಯದಕ್ಕೆ ಪೆಟ್ಟಿಗೆ ಇಡಿಯಾಗಿರಬೇಕು, ಎರಡನೆಯದಕ್ಕೆ ಅದನ್ನು ಕತ್ತರಿಸಬೇಕು. ಎರಡೂ ಕಾಗದಗಳನ್ನು ನಾನು ಓದಿದ್ದೆ. ಪಕ್ಕಪಕ್ಕದಲ್ಲಿ ಇಟ್ಟು ಓದಿರಲಿಲ್ಲ, ಅಷ್ಟೇ.

ವಾರಂಟಿಯಲ್ಲಿ ಪ್ಯಾನೆಲ್ ಬದಲಾಯಿಸಿ ಕೊಟ್ಟರು, ಮೂರು ವಾರ ಹಿಡಿಯಿತು. ಆ ಕಥೆ ಬೇಡ. ರಿಬೇಟ್ ಆದರೂ ಬರುತ್ತದಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಏಳನೆಯ ವಾರ ಪತ್ರ ಬಂತು: ‘ತಾವು ಕೊಂಡ ಮಾದರಿ ಅರ್ಹ ಮಾದರಿಗಳ ಪಟ್ಟಿಯಲ್ಲಿಲ್ಲ.’ ಪಟ್ಟಿ ತೆಗೆದು ಅಕ್ಷರಕ್ಕೆ ಅಕ್ಷರ ಹೋಲಿಸಿದೆ. ಸಂಖ್ಯೆಯೆಲ್ಲ ಒಂದೇ. ಕಟ್ಟಕಡೆಯ ಒಂದು ಅಕ್ಷರ ಮಾತ್ರ ಬೇರೆ. ರಿಬೇಟಿನ ಫಲಕವನ್ನು ಅಂಗಡಿಯವರು ನಿಲ್ಲಿಸಿದ್ದು ಇದೇ ಟಿವಿಯ ಮುಂದೆ, ಆದರೆ ಫಲಕದಲ್ಲಿದ್ದುದು ಇಡೀ ಸರಣಿಯ ಹೆಸರು.

ಆ ಒಂದು ಅಕ್ಷರದ ಹಿಂದೆ ಬಿದ್ದಾಗ ತಿಳಿದದ್ದು ರಿಬೇಟಿಗಿಂತ ದೊಡ್ಡ ವಿಷಯ. ದೊಡ್ಡ ಮಾರಾಟಗಳಿಗೆಂದೇ ತಯಾರಕರು ಜನಪ್ರಿಯ ಮಾದರಿಯ ತಮ್ಮನಂತಿರುವ ಇನ್ನೊಂದನ್ನು ಹೊರತರುವುದುಂಟು. ಮುಖ ಅದೇ, ಹೆಸರೂ ಬಹುಪಾಲು ಅದೇ, ಒಳಗೆ ಮಾತ್ರ ಅಲ್ಲಲ್ಲಿ ಕೈ ಹಿಡಿತ. ಅಣ್ಣನಲ್ಲಿ ನಾಲ್ಕು ಎಚ್‌ಡಿಎಂಐ ಕಿಂಡಿಗಳಿದ್ದವು, ನನ್ನದರಲ್ಲಿ ಎರಡು. ಅಣ್ಣನ ಪರದೆ ಸೆಕೆಂಡಿಗೆ 120 ಬಾರಿ ಚಿತ್ರ ಬದಲಿಸಬಲ್ಲದು, ನನ್ನದು 60. ಪೆಟ್ಟಿಗೆಯ ಮೇಲೆ ‘ಮೋಷನ್ 120’ ಎಂದು ಬರೆದಿತ್ತಲ್ಲ ಎಂದರೆ, ಅದು ತಂತ್ರಾಂಶದ ಕಸರತ್ತಿಗೆ ಮಾರಾಟ ವಿಭಾಗ ಇಟ್ಟ ಹೆಸರು, ಪ್ಯಾನೆಲಿನ ಹರ್ಟ್ಜ್ ಅಲ್ಲ. ನಾನು ರಾತ್ರಿಯೆಲ್ಲ ಕುಳಿತು ಓದಿದ ವಿಮರ್ಶೆಗಳು ಅಣ್ಣನವು, ಕೊಂಡದ್ದು ತಮ್ಮನನ್ನು. ‘ಬೇರೆಲ್ಲಾದರೂ ಇದಕ್ಕಿಂತ ಅಗ್ಗವಾಗಿ ಸಿಕ್ಕರೆ ವ್ಯತ್ಯಾಸ ಕೊಡುತ್ತೇವೆ’ ಎಂಬ ಭರವಸೆಯೂ ಇಲ್ಲಿ ನೀರಿನ ಮೇಲಿನ ಬರಹ. ಆ ಬಾಲದ ಅಕ್ಷರವಿರುವ ಮಾದರಿ ಬೇರೆ ಅಂಗಡಿಯಲ್ಲಿ ಇದ್ದರಲ್ಲವೇ ಹೋಲಿಸುವುದು? ಆದ್ದರಿಂದ ಮಾದರಿ ಸಂಖ್ಯೆಯನ್ನು ಕೊನೆಯ ಅಕ್ಷರದವರೆಗೂ ಬರೆದುಕೊಂಡು ತಯಾರಕರ ಜಾಲತಾಣದಲ್ಲೇ ಹುಡುಕಿ. ಅಲ್ಲಿ ಸಿಗದಿದ್ದರೆ, ಅಥವಾ ಅದೇ ಸಂಖ್ಯೆಯ ಬಗ್ಗೆ ಎಲ್ಲೂ ಒಂದು ವಿಮರ್ಶೆಯೂ ಇಲ್ಲದಿದ್ದರೆ, ಅನುಮಾನ ಪಡಿ.

ನಾನು ಸುಮ್ಮನಾಗಲಿಲ್ಲ. ಫಲಕದ ವಿಷಯ ಬರೆದು ತಕರಾರು ಹೂಡಿದೆ. ಮಾದರಿ ಮತ್ತು ಕೊಡುಗೆಯ ವಿವರ ಸ್ಪಷ್ಟವಾಗಿ ಕಾಣುವ ಬಿಲ್ಲು ಕಳುಹಿಸಿ ಎಂದರು. ಬಿಲ್ಲನ್ನು ಹಾಳಾಗದಿರಲಿ ಎಂದು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟಿದ್ದೆ. ತೆಗೆದು ನೋಡಿದರೆ ಬಿಳಿಚಿದ ಕಾಗದ, ತಲೆಭಾಗದಲ್ಲಿ ಅಂಗಡಿಯ ಹೆಸರಿನ ನೆರಳು ಮಾತ್ರ. ಅಂಗಡಿಗಳಲ್ಲಿ ಹರಿದು ಕೊಡುವ ಆ ನುಣುಪು ಕಾಗದದ ಮೇಲೆ ಶಾಯಿಯೇ ಇರುವುದಿಲ್ಲ. ಕಾಗದದ ಲೇಪನ ಶಾಖಕ್ಕೆ ಕಪ್ಪಾಗಿ ಅಕ್ಷರ ಮೂಡುತ್ತದೆ, ಬೆಳಕಿಗೂ ಬಿಸಿಗೂ ಮಾಸುತ್ತದೆ. ಕೆಲವು ಬಗೆಯ ಪ್ಲಾಸ್ಟಿಕ್ಕಿನಲ್ಲಿ ಅದನ್ನು ಮೃದುವಾಗಿಸಲು ಬೆರೆಸುವ ರಾಸಾಯನಿಕ ತಗುಲಿದರೆ ಇನ್ನೂ ಬೇಗ ಅಳಿಸಿಹೋಗುತ್ತದೆ. ಅಂದರೆ ನನ್ನ ಜೋಪಾನವೇ ಬಿಲ್ಲನ್ನು ತಿಂದಿತ್ತು. ಕೊಂಡ ದಿನವೇ ಒಂದು ಫೋಟೊ ತೆಗೆದಿದ್ದರೆ ಸಾಕಿತ್ತು. ಅಂಗಡಿಯವರು ಕೊಟ್ಟ ಎರಡನೆಯ ಪ್ರತಿಯಲ್ಲಿ ‘ನಕಲು’ ಎಂಬ ಮುದ್ರೆ ಇತ್ತು, ಅದು ಅಲ್ಲಿ ನಡೆಯಲಿಲ್ಲ.

ಇನ್ನೊಂದು ಲೆಕ್ಕ ನೋಡಿ. ಅರ್ಜಿಗೆ 30 ದಿನ, ಪರಿಶೀಲನೆಗೆ ಎಂಟು ಹತ್ತು ವಾರ. ತಪ್ಪಿದೆ ಎಂದು ನಿಮಗೆ ಗೊತ್ತಾಗುವ ಹೊತ್ತಿಗೆ ತಿದ್ದಿ ಮತ್ತೆ ಕಳುಹಿಸುವ ಗಡುವು ಮುಗಿದಿರುತ್ತದೆ. ಯಾರೋ ಕುಳಿತು ಸಂಚು ಹೂಡಿದ್ದಾರೆ ಎನ್ನುತ್ತಿಲ್ಲ, ಹೂಡಬೇಕಾದ ಅಗತ್ಯವೂ ಇಲ್ಲ. ಅರ್ಜಿಯನ್ನೇ ಹಾಕದವರು, ಗಡುವು ಮರೆತವರು, ತಿರಸ್ಕೃತರಾದವರು, ಬಂದ ಚೆಕ್ಕನ್ನು ಬ್ಯಾಂಕಿಗೆ ಹಾಕಲು ಮರೆತವರು, ಇವರಿಂದ ಉಳಿಯುವ ಹಣಕ್ಕೆ ಆ ವ್ಯಾಪಾರದಲ್ಲಿ ‘ಬ್ರೇಕೇಜ್’ ಎಂಬ ಹೆಸರೇ ಇದೆ. ಎಲ್ಲರೂ ಪಡೆಯುವುದಿಲ್ಲ ಎಂಬ ಅಂದಾಜಿನ ಮೇಲೆಯೇ ರಿಬೇಟನ್ನು ಅಷ್ಟು ದೊಡ್ಡದಾಗಿ ಘೋಷಿಸಲು ಸಾಧ್ಯವಾಗುವುದು. ಹಾಗಾಗಿ ಈಗ ನಾನು ನೋಡುವುದು ಬಿಲ್ಲಿನಲ್ಲಿ ಕೊಡುವ ಹಣವನ್ನು ಮಾತ್ರ. ಆ ಬೆಲೆಗೆ ವಸ್ತು ಬೇಕೆನಿಸಿದರೆ ಕೊಳ್ಳುತ್ತೇನೆ. ಮುಂದೆ ಬರುವ ರಿಬೇಟ್, ಬಂದರೆ ಬಂತು. ಅದೂ ಎಷ್ಟೋ ಸಲ ನಗದಾಗಿ ಬರುವುದಿಲ್ಲ, ಅವಧಿ ಮುಗಿಯುವ ಪ್ರಿಪೇಯ್ಡ್ ಕಾರ್ಡಾಗಿ ಬರುತ್ತದೆ. ಕೊನೆಯಲ್ಲಿ ಅದರಲ್ಲಿ ಉಳಿಯುವ ಚಿಲ್ಲರೆ ಯಾವುದನ್ನು ಕೊಳ್ಳಲೂ ಸಾಲುವುದಿಲ್ಲ.

ಹೊಡೆದು ಹಾಕಿದ ಹಳೆಯ ಬೆಲೆಯನ್ನಂತೂ ನಂಬಲೇಬೇಡಿ. ಮಾರಾಟಕ್ಕೆ ಮುಂಚೆ ಏರಿಸಿ ಆಮೇಲೆ ಇಳಿಸುವ ಚಾಳಿ ಎಷ್ಟು ಹಬ್ಬಿತೆಂದರೆ, ಯುರೋಪ್ ಒಕ್ಕೂಟದಲ್ಲಿ 2022ರ ಮೇ 28ರಿಂದ ರಿಯಾಯಿತಿ ಘೋಷಿಸುವವರು ಅದಕ್ಕೂ ಹಿಂದಿನ 30 ದಿನಗಳಲ್ಲಿ ಇದ್ದ ಅತ್ಯಂತ ಕಡಿಮೆ ಬೆಲೆಯನ್ನೇ ಹಳೆಯ ಬೆಲೆಯೆಂದು ತೋರಿಸಬೇಕೆಂಬ ನಿಯಮ ಬಂದಿದೆ. ಅಂಥ ನಿಯಮ ಇಲ್ಲದ ಕಡೆ ಆ ಕೆಲಸ ನಮ್ಮದೇ. ಬೇಕಾದ ವಸ್ತುವಿನ ಬೆಲೆಯನ್ನು ಒಂದು ತಿಂಗಳ ಮೊದಲಿನಿಂದ ವಾರಕ್ಕೊಮ್ಮೆ ಬರೆದಿಟ್ಟರೆ ಸಾಕು.

ಇಷ್ಟಾದ ಮೇಲೂ ರಿಬೇಟ್ ಬೇಕೇ ಬೇಕು ಎನ್ನುವವರು ಹೀಗೆ ಮಾಡಿ. ವಾಪಸಾತಿಗೆ 15 ದಿನ, ಅರ್ಜಿಗೆ 30 ದಿನ ಇದ್ದರೆ, ಮೊದಲ 15 ದಿನ ಪೆಟ್ಟಿಗೆಯನ್ನು ಮುಟ್ಟಬೇಡಿ. ಆ ದಿನಗಳಲ್ಲಿ ವಸ್ತುವನ್ನು ಚೆನ್ನಾಗಿ ದುಡಿಸಿ. ಟಿವಿಯಾದರೆ ಪರದೆಯನ್ನು ಪೂರ್ತಿ ಬಿಳಿ, ಪೂರ್ತಿ ಕಪ್ಪು ಮಾಡಿ ನೋಡಿ, ಪ್ರತಿ ಕಿಂಡಿಗೂ ಕೇಬಲ್ ಚುಚ್ಚಿ ನೋಡಿ. ಹದಿನಾರನೆಯ ದಿನ ಬ್ಲೇಡು ಹಿಡಿಯಿರಿ. ಕತ್ತರಿಸುವ ಮೊದಲು ಪೆಟ್ಟಿಗೆ, ಬಾರ್‌ಕೋಡ್, ಬಿಲ್ಲು, ಅರ್ಜಿ, ಲಕೋಟೆ, ಅಂಗಡಿಯ ಫಲಕ ಎಲ್ಲದರ ಫೋಟೊ ಇರಲಿ. ದಾಖಲೆ ಸಿಗುವ ಅಂಚೆಯಲ್ಲೇ ಕಳುಹಿಸಿ. ಅರ್ಜಿಯ ಅವಧಿಯೇ ವಾಪಸಾತಿಗಿಂತ ಮೊದಲು ಮುಗಿಯುವಂತಿದ್ದರೆ ಆ ರಿಬೇಟಿಗೆ ಕೈ ಮುಗಿದುಬಿಡಿ.

ಕಳೆದ ವಾರ ನನ್ನ ತಕರಾರಿಗೆ ಕೊನೆಯ ಉತ್ತರ ಬಂತು. ಅರ್ಜಿ ತಿರಸ್ಕೃತ. ಬಾರ್‌ಕೋಡ್ ತುಂಡನ್ನಾದರೂ ಹಿಂದಿರುಗಿಸಿ ಎಂದು ಕೇಳಿದ್ದೆ. ಕಳುಹಿಸಿದ ದಾಖಲೆಗಳನ್ನು ಹಿಂದಿರುಗಿಸುವ ಕ್ರಮವಿಲ್ಲವಂತೆ. ಪೆಟ್ಟಿಗೆ ಇನ್ನೂ ಅಟ್ಟದ ಮೇಲಿದೆ, ಕಿಂಡಿಯನ್ನು ಗೋಡೆಯ ಕಡೆಗೆ ತಿರುಗಿಸಿ ಇಟ್ಟಿದ್ದೇನೆ.