ಸೆಕೆಂಡ್ ಹ್ಯಾಂಡ್ ಲಕ್ಷುರಿ ಹೈಬ್ರಿಡ್, 2 ವರ್ಷದ ಅನುಭವ

ನ್ಯೂಜೆರ್ಸಿಲಿ 10 ವರ್ಷ ಹಳೇ ಲಕ್ಷುರಿ ಹೈಬ್ರಿಡ್ (ಪೆಟ್ರೋಲ್ ಇಂಜಿನ್ ಜೊತೆ ಎಲೆಕ್ಟ್ರಿಕ್ ಮೋಟರೂ ಇರೋ) ಎಸ್‌ಯುವಿ ತಗೊಂಡೆ, ಬ್ರ್ಯಾಂಡ್ ಹೆಸರು ಬೇಡ ಬಿಡಿ. ಇಂಜಿನ್ ಬಗ್ಗೆ ಮಾತೇ ಇಲ್ಲ. ಆದ್ರೆ ಹೋದ ಬೇಸಿಗೇಲಿ ಹೈಬ್ರಿಡ್ ವಾರ್ನಿಂಗ್ ಬಂತು, ಶೋರೂಮ್‌ನೋರು ಬ್ಯಾಟರಿನೇ ಹೋಗಿದೆ 5,000 ಡಾಲರ್ ಅಂದ್ರು, ನನ್ ಹೆಂಡ್ತಿ ಮುಖ ನೋಡ್ಬೇಕಿತ್ತು! ಹೊರಗಿನ ಮೆಕ್ಯಾನಿಕ್ ಹತ್ರ ಹೋದೆ, ಹಿಂದಿನ ಸೀಟ್ ಕೆಳಗೆ ಬ್ಯಾಟರಿ ತಣ್ಣಗಿಡೋ ಗಾಳಿ ಕಿಂಡಿ ಬಿಚ್ಚಿದ್ರೆ ಹಿಡಿ ತುಂಬ ನಾಯಿ ಕೂದ್ಲು (ನಮ್ಮನೇಲಿ ನಾಯೀನೇ ಇಲ್ಲ, ಹಳೇ ಓನರ್‌ದು), ಫ್ಯಾನ್ ತಿರುಗ್ತಾನೇ ಇರ್ಲಿಲ್ಲ, ಬ್ಯಾಟರಿ ಬಿಸಿಯಾಗಿ ಒದ್ದಾಡ್ತಿತ್ತು ಅಷ್ಟೆ. ಕ್ಲೀನ್ ಮಾಡಿ ಹೊಸ ಫ್ಯಾನ್ ಹಾಕಿ 280 ಡಾಲರ್. ಬ್ರೇಕ್ ಪ್ಯಾಡ್ ಬೇಗ ಸವೆಯಲ್ಲ, ಮೋಟರೇ ಜನರೇಟರ್ ಆಗಿ ಸ್ಪೀಡ್ ಇಳಿಸುತ್ತಲ್ಲ, ಆದ್ರೆ ಬ್ರೇಕ್ ಆಕ್ಚುಯೇಟರ್ (ಬ್ರೇಕಿಗೆ ಒತ್ತಡ ಕೊಡೋ ಯೂನಿಟ್) ಕೈಕೊಟ್ರೆ ಜೇಬು ಖಾಲಿ. ತಗೊಳೋ ಮುಂಚೆ ಅದನ್ನೂ ಇನ್ವರ್ಟರ್ (ಬ್ಯಾಟರಿ ಕರೆಂಟನ್ನ ಮೋಟರಿಗೆ ಬೇಕಾದ ಹಾಗೆ ಬದಲಾಯಿಸೋ ಭಾಗ) ತಣ್ಣಗಿಡೋ ಕೂಲೆಂಟ್ ಪಂಪನ್ನೂ ಚೆಕ್ ಮಾಡಿಸಿ.